ಫೈಟಾನಿಕ್ ಆಮ್ಲ ಒಡೆಯುವುದೆಲ್ಲಿ? ಒಂದು ಕವಲಿನ ಸುತ್ತ ಬೆಳೆದ ಗೋಜಲು

ಕವಲಿರುವ ಕೊಬ್ಬಿನಾಮ್ಲಗಳ ಬಗ್ಗೆ ಓದಲು ಕೂತರೆ ಒಂದೊಂದು ಪುಸ್ತಕ ಒಂದೊಂದು ಮಾತು ಹೇಳುತ್ತದೆ. ಇಂಥದ್ದೇ ಒಂದಾದ ಫೈಟಾನಿಕ್ ಆಮ್ಲ ಒಡೆಯುವುದು ಜೀವಕೋಶಕ್ಕೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾದಲ್ಲಿ ಅಂತ ಹಳೆಯದು, ಕೋಶದೊಳಗಿನ ಇನ್ನೊಂದು ಪುಟ್ಟ ಚೀಲವಾದ ಪೆರಾಕ್ಸಿಸೋಮ್‌ನಲ್ಲಿ ಅಂತ ಹೊಸದು. ತಲೆ ಕೆಡದೆ ಇರುತ್ತಾ?

ನೇರ ಸರಪಳಿಯ ಆಮ್ಲಗಳದ್ದು ಸರಳ ಕಥೆ. ಎರಡೆರಡೇ ಕಾರ್ಬನ್ ಕಳಚುತ್ತಾ ಹೋಗುತ್ತವೆ ಎಂದು 1904ರಲ್ಲೇ ಫ್ರಾಂಜ್ ನೂಪ್ ನಾಯಿಗಳ ಮೇಲಿನ ಪ್ರಯೋಗದಿಂದ ತೋರಿಸಿದ್ದರು. ಇದೇ ಬೀಟಾ ಆಕ್ಸಿಡೇಶನ್. ಮುಂದಿನ ಅರ್ಧ ಶತಮಾನ ಆ ದಾರಿಯ ವಿವರ ತುಂಬುವುದರಲ್ಲೇ ಕಳೆಯಿತು.

ಫೈಟಾನಿಕ್ ಆಮ್ಲದ ತಕರಾರು ಬೇರೆ. ಕತ್ತರಿ ಬೀಳಬೇಕಾದ ಮೂರನೇ ಕಾರ್ಬನ್‌ಗೇ ಒಂದು ಮೀಥೈಲ್ ಕವಲು ಅಂಟಿಕೊಂಡಿದೆ. ಬೀಟಾ ದಾರಿ ಶುರುವಿನಲ್ಲೇ ಬಂದ್. ಇದರ ಮೂಲ ಎಲೆಯ ಹಸಿರಿನಲ್ಲಿರುವ ಫೈಟಾಲ್. ಸೊಪ್ಪು ತಿಂದರೆ ನಮ್ಮ ಕರುಳಿಗೆ ಅದನ್ನು ಬಿಡಿಸಿಕೊಳ್ಳಲು ಹೆಚ್ಚುಕಡಿಮೆ ಆಗುವುದೇ ಇಲ್ಲ. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯ ಬ್ಯಾಕ್ಟೀರಿಯಾಗಳಿಗೆ ಆಗುತ್ತದೆ. ಹಾಗಾಗಿ ಆಮ್ಲ ನಮಗೆ ಬರುವುದು ಹಾಲು, ಬೆಣ್ಣೆ, ಮಾಂಸದ ಕೊಬ್ಬಿನಿಂದ. ಮೀನಿನಿಂದಲೂ ಬರುತ್ತದೆ.

ನಾರ್ವೆಯ ನರವೈದ್ಯ ಸಿಗ್ವಾಲ್ಡ್ ರೆಫ್ಸಮ್ 1940ರ ದಶಕದಲ್ಲಿ ವಿವರಿಸಿದ ಆನುವಂಶಿಕ ಕಾಯಿಲೆಯಲ್ಲಿ ಇರುಳುಗುರುಡು, ನಡಿಗೆಯ ತೂರಾಟ, ನರಗಳ ಬಲಹೀನತೆ ಕಾಣಿಸಿಕೊಳ್ಳುತ್ತಿದ್ದವು. 1963ರಲ್ಲಿ ಕ್ಲೆಂಕ್ ಮತ್ತು ಕಾಲ್ಕೆ ಇಂಥ ರೋಗಿಯ ದೇಹದಲ್ಲಿ ಫೈಟಾನಿಕ್ ಆಮ್ಲ ತುಂಬಿಕೊಂಡಿದ್ದನ್ನು ಕಂಡರು. ಕೆಲವೇ ವರ್ಷಗಳಲ್ಲಿ ಡೇನಿಯಲ್ ಸ್ಟೈನ್‌ಬರ್ಗ್ ತಂಡ ಅದು ಒಡೆಯುವ ಬಗೆ ತೋರಿಸಿತು. ದೇಹ ಮೊದಲು ಒಂದೇ ಒಂದು ಕಾರ್ಬನ್ ತೆಗೆಯುತ್ತದೆ. 20 ಕಾರ್ಬನ್‌ನ ಆಮ್ಲ 19ರ ಪ್ರಿಸ್ಟಾನಿಕ್ ಆಮ್ಲವಾಗುತ್ತದೆ, ಕವಲು ಎರಡನೇ ಜಾಗಕ್ಕೆ ಬರುತ್ತದೆ, ಬೀಟಾ ದಾರಿ ತೆರೆದುಕೊಳ್ಳುತ್ತದೆ. ಇದು ಆಲ್ಫಾ ಆಕ್ಸಿಡೇಶನ್.

ಗೋಜಲು ಶುರುವಾಗಿದ್ದೇ ಇಲ್ಲಿಂದ. ಇಲಿಯ ಯಕೃತ್ತಿನ ಪ್ರಯೋಗಗಳು ಮೈಟೊಕಾಂಡ್ರಿಯಾದತ್ತ ಬೆರಳು ತೋರಿಸಿದವು. ಅದನ್ನೇ ಸುಮ್ನೆ ಮನುಷ್ಯನಿಗೂ ಒಪ್ಪಿಸಿಬಿಟ್ಟದ್ದು ಸ್ವಲ್ಪ ಅವಸರವೇ ಆಯ್ತು, ಅಲ್ವಾ? ಪೆರಾಕ್ಸಿಸೋಮ್ ಸರಿಯಾಗಿ ರೂಪುಗೊಳ್ಳದ ಝೆಲ್ವೆಗರ್ ಕಾಯಿಲೆಯ ಮಕ್ಕಳಲ್ಲೂ ಈ ಆಮ್ಲ ಸೇರಿಕೊಳ್ಳುತ್ತದೆ ಎಂಬ ಸುಳಿವು 1980ರ ದಶಕದಲ್ಲೇ ಕಣ್ಣೆದುರಿಗಿತ್ತು.

ಇನ್ನೊಂದು ತೊಡಕು ಪ್ರಯೋಗದ ನಳಿಗೆಯೊಳಗೇ ಇತ್ತು. ಅದಕ್ಕೆ ಹಾಕುತ್ತಿದ್ದದ್ದು ಬರೀ ಆಮ್ಲ. ಆಲ್ಫಾ ದಾರಿಯನ್ನು ಶುರುಮಾಡುವ ಕಿಣ್ವ ಕೇಳುತ್ತಿದ್ದದ್ದು ಕೋಎ (ಕೋಎಂಜೈಮ್ ಎ ಎಂಬ ಸಹಾಯಕ ಅಣು) ಜೋಡಿಸಿದ ಆಮ್ಲ. 1995ರಲ್ಲಿ ಅದನ್ನು ಕೊಟ್ಟು, ಜೊತೆಗೆ ಕಬ್ಬಿಣ, 2-ಆಕ್ಸೋಗ್ಲುಟರೇಟ್, ವಿಟಮಿನ್ ಸಿ ಸೇರಿಸಿದಾಗ ಕಿಣ್ವ ಕೆಲಸ ಮಾಡಿತು, ಅದೂ ಪೆರಾಕ್ಸಿಸೋಮ್‌ನಲ್ಲಿ! 1997ರಲ್ಲಿ ಅದರ ಜೀನ್ ಸಿಕ್ಕಿತು. ಬಹುಪಾಲು ರೆಫ್ಸಮ್ ರೋಗಿಗಳಲ್ಲಿ ಕೆಟ್ಟಿರುವುದು ಅದೇ ಜೀನ್. 1999ರಲ್ಲಿ ಮುಂದಿನ ಕಿಣ್ವವೂ ಸಿಕ್ಕಿತು. ಕಳಚಿದ ಕಾರ್ಬನ್ ಮೊದಲು ಫಾರ್ಮಿಲ್-ಕೋಎ ಆಗಿ ಹೊರಬೀಳುತ್ತದೆ, ಆಮೇಲೆ ಫಾರ್ಮಿಕ್ ಆಮ್ಲ, ಕೊನೆಗೆ ಕಾರ್ಬನ್ ಡೈಆಕ್ಸೈಡ್. ಮೊದಲು ನೇರವಾಗಿ ಕಾರ್ಬನ್ ಡೈಆಕ್ಸೈಡ್ ಅಂದುಕೊಂಡಿದ್ದವರು ಪೂರ್ತಿ ತಪ್ಪಲ್ಲ, ನಡುವಿನ ಹೆಜ್ಜೆಗಳು ಅವರಿಗೆ ಕಂಡಿರಲಿಲ್ಲ.

ಪ್ರಿಸ್ಟಾನಿಕ್ ಆಮ್ಲ ಪೆರಾಕ್ಸಿಸೋಮ್‌ನಲ್ಲೇ ಮೂರು ಸುತ್ತು ಒಡೆದು, ಉಳಿದ 11 ಕಾರ್ಬನ್‌ನ ತುಂಡು ಮೈಟೊಕಾಂಡ್ರಿಯಾಕ್ಕೆ ಹೋಗುತ್ತದೆ. ಅಂತೂ ಅದಕ್ಕೂ ಪಾಲಿದೆ.

ಇಷ್ಟೆಲ್ಲ ತಿಳಿದ ಮೇಲೂ ರೆಫ್ಸಮ್ ರೋಗಿಗಳಿಗೆ ಮುಖ್ಯ ಆಸರೆ ಪಥ್ಯವೇ. ಆಮ್ಲ ಜಾಸ್ತಿ ಏರಿದರೆ ರಕ್ತದ ಪ್ಲಾಸ್ಮಾ ತೆಗೆದು ಶುದ್ಧಿ ಮಾಡುತ್ತಾರೆ. ಉಪವಾಸವಂತೂ ಕೂಡದು. ಮೈಯ ಕೊಬ್ಬು ಕರಗಿದರೆ ಅದರಲ್ಲಿ ಕೂತಿದ್ದ ಫೈಟಾನಿಕ್ ಆಮ್ಲ ಮತ್ತೆ ರಕ್ತಕ್ಕೆ ಇಳಿಯುತ್ತದೆ.