ವರ್ಗೀಕರಣ ಬೇರೆ, ನಾಮಕರಣ ಬೇರೆ: ಕೊಡಗಿನ ಜೀವಿಗಳ ಉದಾಹರಣೆಯೊಂದಿಗೆ ಅಧ್ಯಯನ ಟಿಪ್ಪಣಿ

ಪಠ್ಯಪುಸ್ತಕಗಳಲ್ಲಿ ವರ್ಗೀಕರಣ ಮತ್ತು ನಾಮಕರಣ ಒಂದೇ ಅಧ್ಯಾಯದಲ್ಲಿ ಬರುವುದರಿಂದ ಅವೆರಡೂ ಒಂದೇ ಕೆಲಸವೆಂದು ಭಾವಿಸುವವರು ಹೆಚ್ಚು. ಒಂದು ಜೀವಿ ಯಾವ ಗುಂಪಿಗೆ ಸೇರುತ್ತದೆ ಎಂಬುದನ್ನು ಅಂಗರಚನೆ, ಬೆಳವಣಿಗೆ, ಡಿಎನ್‌ಎ ಮುಂತಾದ ಪುರಾವೆಗಳಿಂದ ನಿರ್ಧರಿಸುವುದು ವರ್ಗೀಕರಣ. ಹಾಗೆ ನಿರ್ಧಾರವಾದ ಗುಂಪಿಗೆ ಯಾವ ಹೆಸರು ಸಲ್ಲಬೇಕು ಎಂಬುದನ್ನು ಅಂತರರಾಷ್ಟ್ರೀಯ ನಿಯಮಾವಳಿಯ ಪ್ರಕಾರ ಇತ್ಯರ್ಥಪಡಿಸುವುದು ನಾಮಕರಣ. ಮೊದಲನೆಯದು ಹೊಸ ಪುರಾವೆ ಸಿಕ್ಕಾಗ ಬದಲಾಗುವ ತೀರ್ಮಾನ. ಎರಡನೆಯದು ಕೊಡಗಿನ ವಂಶಪಾರಂಪರ್ಯ ಹಕ್ಕಿನ ಜಮ್ಮಾ ಜಮೀನಿನ ಕಾಗದಪತ್ರಗಳಂತೆ, ಯಾರ ದಾಖಲೆ ಮೊದಲಿನದು ಎಂದು ನೋಡುವ ವ್ಯವಹಾರ.

ಮೊದಲು ವರ್ಗೀಕರಣವನ್ನು ನೋಡೋಣ. ಕಾಫಿಯ ಎಳೆಯ ರೆಂಬೆಯೊಂದನ್ನು ಕೈಯಲ್ಲಿ ಹಿಡಿದರೆ ಎಲೆಗಳು ಎದುರುಬದುರಾಗಿರುವುದೂ, ಎರಡು ತೊಟ್ಟುಗಳ ನಡುವೆ ಕಾಂಡಕ್ಕೆ ಅಂಟಿಕೊಂಡಂತೆ ಚಿಕ್ಕ ತ್ರಿಕೋನಾಕಾರದ ಉಪಪರ್ಣವೊಂದು ಇರುವುದೂ ಕಾಣುತ್ತದೆ. ತೋಟದ ಬೇಲಿಯಲ್ಲಿ ಬೆಳೆಯುವ ಕೇಪಳದ ರೆಂಬೆಯಲ್ಲಿಯೂ ಇದೇ ರಚನೆ ಇದೆ. ಹೂವಿನಲ್ಲಿ ಅಂಡಾಶಯವು ದಳಗಳಿಗಿಂತ ಕೆಳಗಿರುವುದು ಎರಡಕ್ಕೂ ಸಮಾನವಾದ ಇನ್ನೊಂದು ಲಕ್ಷಣ. ಕಾಫಿ, ಕೇಪಳ, ಸಿಂಕೋನಾ ಇವೆಲ್ಲ ರೂಬಿಯೇಸಿ ಕುಟುಂಬಕ್ಕೆ ಸೇರುವುದು ಇಂತಹ ಹಲವು ಲಕ್ಷಣಗಳ ಆಧಾರದ ಮೇಲೆ. ಈ ಕುಟುಂಬ ಜೆನ್ಷಿಯನೇಲ್ಸ್ ಗಣದೊಳಗೆ ಬರುತ್ತದೆ. ಕುಟುಂಬದ ಕೆಳಗೆ ‘ಕಾಫಿಯ’ (Coffea) ಎಂಬ ಜಾತಿ (genus), ಅದರ ಕೆಳಗೆ ಪ್ರಭೇದಗಳು (species). ವರ್ಗ, ವಂಶ, ಸಾಮ್ರಾಜ್ಯಗಳ ಮೇಲಿನ ಮೆಟ್ಟಿಲುಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಕುಟುಂಬ, ಜಾತಿ, ಪ್ರಭೇದ ಎಂಬ ಕೆಳಗಿನ ಮೂರು ಮೆಟ್ಟಿಲುಗಳನ್ನು ಗಿಡದ ಮೇಲೆ ಗುರುತಿಸುವುದು ಹೆಚ್ಚು ಉಪಯುಕ್ತವೆಂದು ನನ್ನ ಅಭಿಪ್ರಾಯ.

ಇನ್ನು ನಾಮಕರಣ. 18ನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಸಸ್ಯವಿಜ್ಞಾನಿ ಆಂಟ್ವಾನ್ ದ ಜುಸ್ಯೂ ಕಾಫಿಯನ್ನು ಅರೇಬಿಯದ ಮಲ್ಲಿಗೆಯೆಂದು ಭಾವಿಸಿ, ಎಲೆಯ ಆಕಾರವನ್ನೂ ಬೀಜಕ್ಕಿದ್ದ ರೂಢಿಯ ಹೆಸರನ್ನೂ ಸೇರಿಸಿದ ಒಂದು ಉದ್ದನೆಯ ಲ್ಯಾಟಿನ್ ವಾಕ್ಯವನ್ನೇ ಅದರ ಹೆಸರಾಗಿಸಿದ್ದರು. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ‘ಕಾಫಿಯ ಅರೇಬಿಕಾ’ ಎಂಬ ಎರಡು ಪದಗಳ ಹೆಸರನ್ನು ಕೊಟ್ಟರು. ಸಸ್ಯಗಳ ಹೆಸರಿನ ಲೆಕ್ಕ ಬಹುತೇಕ ಅದೇ ವರ್ಷದ ಗ್ರಂಥದಿಂದ, ಪ್ರಾಣಿಗಳದ್ದು 1758ರ ಗ್ರಂಥದಿಂದ ಆರಂಭವಾಗುತ್ತದೆ.

ಕೊಡಗಿನ ತೋಟಗಳಲ್ಲಿ ಎಲ್ಲರ ಬಾಯಲ್ಲೂ ಇರುವ ರೋಬಸ್ಟಾ ಎಂಬ ಹೆಸರು, ಮೊದಲು ಪ್ರಕಟವಾದ ಹೆಸರೇ ಸಲ್ಲುತ್ತದೆ ಎಂಬ ಆದ್ಯತೆಯ ನಿಯಮಕ್ಕೆ ಒಳ್ಳೆಯ ನಿದರ್ಶನ. ಈ ಗಿಡವನ್ನು ಕಾಫಿಯ ಕೆನೆಫೊರಾ ಎಂಬ ಹೆಸರಿನಲ್ಲಿ 1897ರಲ್ಲಿಯೇ ಫ್ರೋನರ್ ಕ್ರಮಬದ್ಧವಾಗಿ ಪ್ರಕಟಿಸಿದ್ದರು. ಲಿಂಡೆನ್ ಅವರು ಕಾಫಿಯ ರೋಬಸ್ಟಾ ಎಂಬ ಹೆಸರನ್ನು ಕೊಟ್ಟದ್ದು 1900ರಲ್ಲಿ. ಎರಡೂ ಒಂದೇ ಪ್ರಭೇದವೆಂದು ವರ್ಗೀಕರಣಕಾರರು ತೀರ್ಮಾನಿಸಿದ ಮೇಲೆ ಮೊದಲಿನ ಹೆಸರು ಉಳಿಯಿತು, ನಂತರದ್ದು ಪರ್ಯಾಯನಾಮವಾಯಿತು. ಮಾರುಕಟ್ಟೆ ಮಾತ್ರ ಅದನ್ನು ಬಿಡಲಿಲ್ಲ. ಅರೇಬಿಕಾ ಮತ್ತು ರೋಬಸ್ಟಾ ಒಂದೇ ಗಿಡದ ಎರಡು ತಳಿಗಳೆಂಬ ತಪ್ಪು ಕಲ್ಪನೆಯೂ ಇದೆ. ಅವು ಬೇರೆ ಬೇರೆ ಪ್ರಭೇದಗಳು: ರೋಬಸ್ಟಾದ ಕಾಯಕೋಶಗಳಲ್ಲಿ 22 ವರ್ಣತಂತುಗಳಿದ್ದರೆ ಅರೇಬಿಕಾದಲ್ಲಿ 44 ಇವೆ, ಏಕೆಂದರೆ ಕೆನೆಫೊರಾ ಮತ್ತು ಯೂಜಿನಿಯಾಯ್ಡಿಸ್ ಪ್ರಭೇದಗಳ ಸಂಕರದಿಂದಲೇ ಅರೇಬಿಕಾ ಹುಟ್ಟಿದೆ. ಎಸ್.795, ಚಂದ್ರಗಿರಿ ಮುಂತಾದವು ಅರೇಬಿಕಾದೊಳಗಿನ ತಳಿಗಳು. ಅವುಗಳ ಹೆಸರಿಗೆ ಪ್ರತ್ಯೇಕ ನಿಯಮಾವಳಿ ಇದೆ.

ಹೆಸರಿನ ಮುಂದೆ ಬರುವ ಆವರಣ ಚಿಹ್ನೆಯನ್ನು ಪರೀಕ್ಷೆಯಲ್ಲಿ ಹಲವರು ಅಲಂಕಾರವೆಂದು ಬಿಟ್ಟುಬಿಡುತ್ತಾರೆ. ಏಲಕ್ಕಿಯನ್ನು ಲಿನೇಯಸ್ ಅಮೋಮಮ್ ಜಾತಿಯಲ್ಲಿ ಇರಿಸಿದ್ದರು, ಮೇಟನ್ ಅದನ್ನು ಎಲೆಟೇರಿಯಾ ಜಾತಿಗೆ ವರ್ಗಾಯಿಸಿದರು. ಆದ್ದರಿಂದ ಎಲೆಟೇರಿಯಾ ಕಾರ್ಡಮೋಮಮ್ (ಲಿನೇಯಸ್) ಮೇಟನ್ ಎಂದು ಬರೆಯುತ್ತಾರೆ. ಪ್ರಾಣಿಗಳಲ್ಲಿ ವರ್ಗಾಯಿಸಿದವರ ಹೆಸರನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಕಾಫಿ ಹಣ್ಣನ್ನು ಕೊರೆಯುವ ಬೆರಿ ಬೋರರ್ ಕೀಟಕ್ಕೆ ಹೈಪೊಥೆನಿಮಸ್ ಹ್ಯಾಂಪೀ (ಫೆರಾರಿ, 1867) ಎಂದಿದ್ದರೆ, ಮೊದಲು ವಿವರಿಸಿದಾಗ ಅದು ಬೇರೊಂದು ಜಾತಿಯಲ್ಲಿತ್ತು ಎಂದಷ್ಟೇ ಅರ್ಥ. ಕಾಫಿ ಗಿಡದ ಬಿಳಿ ಕಾಂಡಕೊರಕ ಕೀಟದ ಹೆಸರಾದ ಜೈಲೊಟ್ರೆಕಸ್ ಕ್ವಾಡ್ರಿಪೀಸ್ ಶೆವ್ರೊಲಾ, 1863 ಎಂಬುದರಲ್ಲಿ ಆವರಣವಿಲ್ಲ. ಅದು ಜಾತಿ ಬದಲಿಸಿಲ್ಲ.

ಉಳಿದದ್ದು ಮಾದರಿಯ ನಿಯಮ. ಪ್ರಭೇದದ ಹೆಸರು ಸಾಮಾನ್ಯವಾಗಿ ಸಂಗ್ರಹಾಲಯದಲ್ಲಿರುವ ಒಂದು ನಿರ್ದಿಷ್ಟ ಮಾದರಿಗೆ ಕಟ್ಟುಬಿದ್ದಿರುತ್ತದೆ. ಕಾವೇರಿಯ ಗೂನುಬೆನ್ನಿನ ಮಹಶೀರ್ ಮೀನು ಗಾಳ ಹಾಕುವವರಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಪ್ರಸಿದ್ಧವಾಗಿದ್ದರೂ ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರಿರಲಿಲ್ಲ. ಅದಕ್ಕೆ ಹಚ್ಚುತ್ತಿದ್ದ ಮುಸ್ಸುಲ್ಲಾ ಎಂಬ ಹೆಸರು ಹೈಪ್ಸೆಲೊಬಾರ್ಬಸ್ ಜಾತಿಯ ಬೇರೆ ಮೀನಿನದಾಗಿತ್ತು. 2018ರಲ್ಲಿ ಸಂಶೋಧಕರು ಅಂಗರಚನೆ ಮತ್ತು ಡಿಎನ್‌ಎಯನ್ನು ಹೋಲಿಸಿ, ಕೇರಳದ ಪಾಂಬಾರ್ ಹೊಳೆಯಿಂದ ಅದಾಗಲೇ ವಿವರಿಸಲ್ಪಟ್ಟಿದ್ದ ಟಾರ್ ರೆಮಾದೇವಿಯೇ ಈ ಮೀನು ಎಂದು ತೋರಿಸಿದರು. ಪಾಂಬಾರ್ ಕೂಡ ಕಾವೇರಿಯ ಜಲಾನಯನಕ್ಕೇ ಸೇರಿದ್ದು. ಹೆಸರು ಆಗಲೇ ಇದ್ದುದರಿಂದ ಹೊಸದನ್ನು ಕೊಡುವ ಅಧಿಕಾರ ಅವರಿಗಿರಲಿಲ್ಲ. ಹೆಸರು ಖಚಿತವಾಗುವವರೆಗೆ ಅಳಿವಿನ ಅಪಾಯದಲ್ಲಿರುವ ಜೀವಿಗಳನ್ನು ದಾಖಲಿಸುವ ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ಕೆಂಪುಪಟ್ಟಿಯಲ್ಲಿ ಈ ಮೀನಿಗೆ ಸ್ಥಾನ ಸಿಗುವಂತಿರಲಿಲ್ಲ. ಅದೇ ವರ್ಷ ಅದು ಅಳಿವಿನ ಅಂಚಿನ ಅತ್ಯಂತ ಗಂಭೀರ ವರ್ಗದಲ್ಲಿ ದಾಖಲಾಯಿತು.