ರಕ್ಕಸನನ್ನು ನೋಡುವ ಕಣ್ಣು ಯಾರದು? ಹಳೆಯ ಹಾರರ್, ಹೊಸ ಮಾನ್‌ಸ್ಟರ್ ಸಿನಿಮಾ: ಒಂದು ಅಧ್ಯಯನ ಟಿಪ್ಪಣಿ

‘ಹಳೆಯ ಹಾರರ್ ಸಿನಿಮಾ ರಕ್ಕಸನನ್ನು ಮರೆಯಲ್ಲಿಡುತ್ತದೆ, ಹೊಸದು ಎದುರಿಗೆ ತಂದು ನಿಲ್ಲಿಸುತ್ತದೆ.’ ಈ ವಿಷಯದ ಬಗ್ಗೆ ಯಾರ ನೋಟ್ಸ್ ತೆಗೆದರೂ ಮೊದಲ ಸಾಲು ಹೆಚ್ಚುಕಡಿಮೆ ಇದೇ. ನನ್ನದರಲ್ಲೂ ಇತ್ತು. ಸಿನಿಮಾಗಳನ್ನು ಒಂದಾದ ಮೇಲೊಂದು ಮತ್ತೆ ನೋಡುತ್ತ ಹೋದಾಗ ಅದನ್ನು ಹೊಡೆದುಹಾಕಬೇಕಾಯಿತು. ಪೂರ್ತಿ ಸುಳ್ಳು ಅಂತಲ್ಲ. ಆದರೆ ಅದೊಂದನ್ನೇ ನೆಚ್ಚಿ ಕೂತರೆ 1931ರ ‘ಫ್ರಾಂಕನ್‌ಸ್ಟೈನ್’ ಕೈಗೆ ಸಿಗುವುದಿಲ್ಲ, 2006ರ ಕೊರಿಯನ್ ಸಿನಿಮಾ ‘ದಿ ಹೋಸ್ಟ್’ ಅಂತೂ ಸಿಗುವುದೇ ಇಲ್ಲ.

ನನಗೆ ದಾರಿ ತೋರಿಸಿದ್ದು ಕಾವ್ಯಮೀಮಾಂಸೆಯಲ್ಲಿ ಬಾಯಿಪಾಠ ಮಾಡಿ ಮರೆತಿದ್ದ ಭರತನ ಒಂದು ಮಾತು. ನಾಟ್ಯಶಾಸ್ತ್ರದಲ್ಲಿ ಎಂಟು ರಸಗಳು. ಅವುಗಳಲ್ಲಿ ನಾಲ್ಕು ಮೂಲ, ಉಳಿದ ನಾಲ್ಕು ಅವುಗಳಿಂದ ಹುಟ್ಟುವಂಥವು. ರೌದ್ರದಿಂದ (ಸಿಟ್ಟು) ಕರುಣ (ಮರುಕ), ವೀರದಿಂದ ಅದ್ಭುತ (ಬೆರಗು), ಬೀಭತ್ಸದಿಂದ (ಜುಗುಪ್ಸೆ) ಭಯಾನಕ (ಹೆದರಿಕೆ). (ಶೃಂಗಾರ–ಹಾಸ್ಯದ ಜೋಡಿ ಇಲ್ಲಿ ನಮಗೆ ಬೇಡ.) ರಕ್ಕಸನ ಸಿನಿಮಾ ಯಾವುದೇ ಇರಲಿ, ಈ ಮೂರು ಜೋಡಿಗಳಲ್ಲಿ ಯಾವುದು ಓಡುತ್ತಿದೆ ಎಂದು ಕೇಳಿಕೊಳ್ಳಿ. ಹಳೆಯದು–ಹೊಸದು ಎಂಬ ವ್ಯತ್ಯಾಸ ಅಲ್ಲೇ ಬಿಚ್ಚಿಕೊಳ್ಳುತ್ತದೆ.

ಫ್ರಾಂಕನ್‌ಸ್ಟೈನ್: ಕತ್ತರಿಸಿದ ದೃಶ್ಯದ ಕಥೆ

ಮೊದಲೇ ಒಂದು ಎಚ್ಚರಿಕೆ. ಫ್ರಾಂಕನ್‌ಸ್ಟೈನ್ ಎನ್ನುವುದು ವಿಜ್ಞಾನಿಯ ಹೆಸರು. ಅವನು ಹೆಣಗಳ ಅಂಗಾಂಗ ಹೊಲಿದು ಎಬ್ಬಿಸಿದ ಜೀವಕ್ಕೆ ಹೆಸರಿಲ್ಲ. ಉತ್ತರಪತ್ರಿಕೆಯಲ್ಲಿ ಇದನ್ನು ಅದಲುಬದಲು ಬರೆದರೆ ಮುಂದಿನ ಎರಡು ಪುಟ ಯಾರೂ ಪ್ರೀತಿಯಿಂದ ಓದುವುದಿಲ್ಲ.

ಯೂನಿವರ್ಸಲ್ ಸಂಸ್ಥೆಯ ಈ ಚಿತ್ರದ ನಿರ್ದೇಶಕ ಜೇಮ್ಸ್ ವೇಲ್. ರಕ್ಕಸನ ಪಾತ್ರ ಬೋರಿಸ್ ಕಾರ್ಲಾಫ್‌ದು, ಆರಂಭದ ಟೈಟಲ್ ಕಾರ್ಡಿನಲ್ಲಿ ಅವನ ಹೆಸರಿನ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ. ಜ್ಯಾಕ್ ಪಿಯರ್ಸ್ ದಿನವೂ ಸುಮಾರು ನಾಲ್ಕು ಗಂಟೆ ಕೂತು ಮೇಕಪ್ ಮಾಡುತ್ತಿದ್ದ. ಚಪ್ಪಟೆ ತಲೆ, ಮೇಣ ಹಚ್ಚಿ ಭಾರವಾಗಿಸಿದ ಕಣ್ಣೆವೆ. ಕಾರ್ಲಾಫ್ ತನ್ನ ಕಟ್ಟಿಸಿದ ಹಲ್ಲು ತೆಗೆದಿಟ್ಟು ಒಂದು ಕೆನ್ನೆ ಗುಳಿಬೀಳುವಂತೆ ಮಾಡಿಕೊಂಡ.

ಇಷ್ಟು ಕಷ್ಟಪಟ್ಟು ಮಾಡಿದ ಮುಖವನ್ನು ತೋರಿಸುವ ರೀತಿ ನೋಡಿ. ಬಾಗಿಲಿನಿಂದ ಅದು ಒಳಗೆ ಬರುವುದೇ ಬೆನ್ನು ಹಾಕಿಕೊಂಡು. ನಿಧಾನ ತಿರುಗುತ್ತದೆ. ಆಮೇಲೆ ಥಟ್ ಥಟ್ಟೆಂದು ಒಂದಕ್ಕಿಂತ ಒಂದು ಹತ್ತಿರದ ಶಾಟ್‌ಗಳು. ಹಿನ್ನೆಲೆ ಸಂಗೀತ ಇಲ್ಲವೇ ಇಲ್ಲ. ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷ (ರಕ್ಕಸ ಪಾತ್ರದ ವೇಷ) ನೋಡಿದವರಿಗೆ ಇದು ಹೊಸದೇನಲ್ಲ: ಗಂಟೆಗಟ್ಟಲೆ ಕೂತು ಅಕ್ಕಿಹಿಟ್ಟಿನಿಂದ ಇಟ್ಟ ಚುಟ್ಟಿಯ ಮುಖವನ್ನು ತೆರೆಯ ಹಿಂದಿನಿಂದ ಇಷ್ಟಿಷ್ಟೇ ಬಿಟ್ಟುಕೊಡುವ ಅದೇ ಜಾಣತನ. ಅಂದರೆ ಇಲ್ಲಿ ರಕ್ಕಸನನ್ನು ಅಡಗಿಸಿಟ್ಟಿಲ್ಲ, ತೋರಿಸುವುದಕ್ಕೊಂದು ತಾಳ ಹಾಕಿದ್ದಾರೆ. ಹೆಣದ ಚರ್ಮದ ಬಗೆಗಿನ ಜುಗುಪ್ಸೆ ಮೊದಲು, ಅದರ ಬೆನ್ನಿಗೆ ಭಯ.

ಮರುಕ್ಷಣವೇ ವಿಜ್ಞಾನಿ ಮಾಡಿನ ಕಿಂಡಿ ತೆಗೆಯುತ್ತಾನೆ. ಬೆಳಕು ಬೀಳುತ್ತದೆ. ರಕ್ಕಸ ಎರಡೂ ಕೈ ಎತ್ತಿ ಬೆಳಕನ್ನು ಹಿಡಿಯಲು ನೋಡುತ್ತದೆ. ಕಿಂಡಿ ಮುಚ್ಚಿದಾಗ ಖಾಲಿ ಕೈ ಚಾಚಿ ಬೇಡುತ್ತದೆ. ಮಾತಿಲ್ಲ. ಭಯ ಹುಟ್ಟಿ ನಿಮಿಷವಾಗಿಲ್ಲ, ಆಗಲೇ ಕರುಣ ಒಳಗೆ ಬಂದಿದೆ.

ಈಗ ಕೆರೆಯ ದೃಶ್ಯಕ್ಕೆ ಬನ್ನಿ. ಮರಿಯಾ ಎಂಬ ಪುಟ್ಟ ಹುಡುಗಿ ರಕ್ಕಸನ ಕೈಗೆ ಹೂ ಕೊಡುತ್ತಾಳೆ. ಇಬ್ಬರೂ ನೀರಿಗೆ ಹೂ ಎಸೆದು ತೇಲಿಬಿಡುತ್ತಾರೆ. ಹೂ ಮುಗಿಯುತ್ತದೆ. ಇವಳೂ ತೇಲುತ್ತಾಳೆಂದುಕೊಂಡು ಅದು ಹುಡುಗಿಯನ್ನೇ ಎತ್ತಿ ನೀರಿಗೆ ಹಾಕುತ್ತದೆ. ಅಮೆರಿಕದ ಹಲವು ಕಡೆ ಸೆನ್ಸಾರ್‌ನವರು ಇದನ್ನು ಕತ್ತರಿಸಿದರು. ರಕ್ಕಸ ಹುಡುಗಿಯತ್ತ ಕೈ ಚಾಚುವಲ್ಲಿಗೆ ದೃಶ್ಯ ಮುಗಿಯುತ್ತಿತ್ತು. ಆಮೇಲೆ ಊರಲ್ಲಿ ಮದುವೆಯ ಸಂಭ್ರಮದ ನಡುವೆ ತಂದೆ ಮಗಳ ಹೆಣ ಹೊತ್ತು ನಡೆದು ಬರುತ್ತಾನೆ. ನಡುವೆ ಏನಾಯಿತೆಂದು ನೋಡುಗ ತಾನೇ ತುಂಬಿಕೊಳ್ಳಬೇಕು, ಮತ್ತು ಅವನು ತುಂಬಿಕೊಂಡದ್ದು ನಡೆದದ್ದಕ್ಕಿಂತ ಎಷ್ಟೋ ಕೆಟ್ಟದ್ದೇ ಆಗಿರುತ್ತದೆ. 1980ರ ದಶಕದಲ್ಲಿ ಆ ತುಣುಕು ಮತ್ತೆ ಸೇರಿತು. ಈಗ ನೋಡುವವರಿಗೆ ರಕ್ಕಸನ ಗಾಬರಿಯೂ ಕಾಣುತ್ತದೆ. ಒಂದೇ ದೃಶ್ಯ: ಕತ್ತರಿಸಿದರೆ ಭಯಾನಕ, ಪೂರ್ತಿ ತೋರಿಸಿದರೆ ಕರುಣ. ಮರೆಮಾಚುವುದು ಭಯಕ್ಕೆ ಒಳ್ಳೆಯದು ಎಂಬುದು ಇಷ್ಟರಮಟ್ಟಿಗೆ ನಿಜ; ಆದರೆ ಈ ಸಿನಿಮಾ ಬಯಸಿದ್ದು ಭಯವನ್ನಷ್ಟೇ ಅಲ್ಲ.

ನಿಜಕ್ಕೂ ಮರೆಯನ್ನೇ ನಂಬಿದ ಹಳೆಯ ಚಿತ್ರ ಬೇಕಿದ್ದರೆ ವಾಲ್ ಲ್ಯೂಟನ್ ನಿರ್ಮಿಸಿದ 1942ರ ‘ಕ್ಯಾಟ್ ಪೀಪಲ್’ ನೋಡಿ. ರಾತ್ರಿ, ನಿರ್ಜನ ಬೀದಿ, ಹಿಂದೆ ಯಾರೋ ಬರುತ್ತಿರುವ ಹೆಜ್ಜೆ ಸದ್ದು, ಅದೂ ನಿಲ್ಲುತ್ತದೆ. ಬುಸ್ ಎಂದು ಏನೋ ಮೈಮೇಲೆ ಬಿದ್ದಂತಾಗಿ ಕುರ್ಚಿಯಿಂದ ಏಳುತ್ತೇವೆ. ನೋಡಿದರೆ ಬಸ್ಸು! ಸುಳ್ಳು ಬೆಚ್ಚಿಸುವಿಕೆಗೆ ಸಿನಿಮಾದವರು ಇವತ್ತಿಗೂ ‘ಲ್ಯೂಟನ್ ಬಸ್’ ಎನ್ನುತ್ತಾರೆ.

ಗೊಜಿರಾ: ರೌದ್ರದ ಆಚೆ

ಸಮುದ್ರದಿಂದ ಎದ್ದುಬರುವ ದೈತ್ಯ ರಕ್ಕಸನ ಜಪಾನಿ ಸಿನಿಮಾ ‘ಗೊಜಿರಾ’ (ಇಂಗ್ಲಿಷಿನಲ್ಲಿ ಗಾಡ್ಜಿಲ್ಲಾ) 1954ರ ನವೆಂಬರ್ 3ರಂದು ಬಿಡುಗಡೆಯಾಯಿತು. ಅದೇ ವರ್ಷ ಮಾರ್ಚ್ 1ರಂದು ಅಮೆರಿಕ ಬಿಕಿನಿ ಹವಳದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಪರೀಕ್ಷೆ ಮಾಡಿತ್ತು. ವಿಕಿರಣದ ಬೂದಿ 23 ಜನರಿದ್ದ ಜಪಾನಿ ಮೀನುಗಾರಿಕೆಯ ಹಡಗೊಂದರ ಮೇಲೆ ಉದುರಿತು. ಸೆಪ್ಟೆಂಬರಿನಲ್ಲಿ ಅದರ ರೇಡಿಯೋ ಆಪರೇಟರ್ ಸತ್ತ. ಸಿನಿಮಾ ಶುರುವಾಗುವುದೇ ಸಮುದ್ರದ ಮೇಲೊಂದು ಬೆಳಕು ಫಳ್ಳೆಂದು ಹಡಗು ಹೊತ್ತಿಕೊಳ್ಳುವುದರಿಂದ. ಅಂದಿನ ನೋಡುಗರಿಗೆ ಯಾರೂ ಅರ್ಥ ಬಿಡಿಸಿ ಹೇಳಬೇಕಿರಲಿಲ್ಲ.

ತಂತ್ರದ ವಿಷಯ ಸ್ವಲ್ಪ ವಿವರವಾಗಿ, ಯಾಕೆಂದರೆ ಇಲ್ಲಿ ಸೊಗಸಾದ ಭೌತಶಾಸ್ತ್ರವಿದೆ. 1933ರ ‘ಕಿಂಗ್ ಕಾಂಗ್’ನಲ್ಲಿ ವಿಲಿಸ್ ಓಬ್ರಿಯನ್ ಪುಟ್ಟ ಬೊಂಬೆಯನ್ನು ಫ್ರೇಮಿನಿಂದ ಫ್ರೇಮಿಗೆ ಕೈಯಿಂದಲೇ ಕದಲಿಸಿ ಚಿತ್ರಿಸಿದ್ದ. (ಕಾಂಗ್‌ನ ಕೂದಲು ಸುಮ್ಮಸುಮ್ಮನೆ ನವಿರೇಳುತ್ತದಲ್ಲ, ಅದು ಬೊಂಬೆ ಮುಟ್ಟಿದ ಬೆರಳುಗಳ ಗುರುತು.) ಗೊಜಿರಾಕ್ಕೆ ಅಷ್ಟು ಸಮಯವಿರಲಿಲ್ಲ. ಹಾಗಾಗಿ ಸ್ಪೆಷಲ್ ಎಫೆಕ್ಟ್ಸ್ ನೋಡಿಕೊಂಡ ಎಯ್ಜಿ ತ್ಸುಬುರಾಯಾ, ಹಾರುವೋ ನಕಾಜಿಮಾ ಎಂಬ ನಟನಿಗೆ ಹೊರಲಾರದಷ್ಟು ಭಾರದ ರಬ್ಬರ್ ವೇಷ ತೊಡಿಸಿ 1:25 ಅಳತೆಯ ಬೊಂಬೆನಗರದಲ್ಲಿ ನಡೆಸಿದ. ಬೀಳುವ ವಸ್ತು ನೆಲ ಮುಟ್ಟಲು ಹಿಡಿಯುವ ಸಮಯ ಎತ್ತರದ ವರ್ಗಮೂಲದ ಪ್ರಮಾಣದಲ್ಲಿರುತ್ತದೆ. 25ರ ವರ್ಗಮೂಲ 5. ಹಾಗಾಗಿ ಬೊಂಬೆಕಟ್ಟಡ ನಿಜದ ಕಟ್ಟಡದಂತೆ ಕುಸಿಯಬೇಕಾದರೆ ಕ್ಯಾಮೆರಾ ಮಾಮೂಲಿನ 5 ಪಟ್ಟು ವೇಗದಲ್ಲಿ, ಸೆಕೆಂಡಿಗೆ 24ರ ಬದಲು 120 ಫ್ರೇಮ್ ತೆಗೆಯಬೇಕೆಂದಾಯಿತು. ಪ್ರತಿ ಶಾಟಿಗೂ ಲೆಕ್ಕ ಹಿಡಿದು ಇಷ್ಟೇ ಇಟ್ಟರೆಂದಲ್ಲ, ತತ್ವ ಇದು. ವೇಗವಾಗಿ ತೆಗೆದದ್ದನ್ನು ಮಾಮೂಲಿ ವೇಗದಲ್ಲಿ ಓಡಿಸಿದಾಗ ಬರುವ ಆ ಭಾರದ ನಡಿಗೆಯೇ ಗೊಜಿರಾದ ಗಾಂಭೀರ್ಯ. ಆ ಗರ್ಜನೆಯೂ ಪ್ರಾಣಿಯದಲ್ಲ. ಸಂಗೀತಕಾರ ಅಕಿರಾ ಇಫುಕುಬೆ ರಾಳ ಹಚ್ಚಿದ ಚರ್ಮದ ಕೈಗವಸಿನಿಂದ ಡಬಲ್ ಬೇಸಿನ (ಪಿಟೀಲಿನ ಜಾತಿಯ ದೊಡ್ಡ ವಾದ್ಯ) ಸಡಿಲ ತಂತಿ ಎಳೆಸಿ ಹುಟ್ಟಿಸಿದ ಸದ್ದು ಅದು.

ಗೊಜಿರಾ ಮೊದಲು ಕಾಣುವುದು ಹಾಡಹಗಲಿನಲ್ಲಿ, ಗುಡ್ಡದಾಚೆಯಿಂದ ತಲೆ ಎತ್ತಿ. ಮರೆಯ ಮಾತು ಇಲ್ಲೂ ಪೂರ್ತಿ ನಿಲ್ಲುವುದಿಲ್ಲ. ಟೋಕಿಯೋ ಉರಿಯುವಾಗ ಕ್ಯಾಮೆರಾ ಎಲ್ಲಿದೆ ಎಂದು ಗಮನಿಸಿ. ಗೋಡೆಯ ಬುಡದಲ್ಲಿ ಒಬ್ಬ ತಾಯಿ ಮಕ್ಕಳನ್ನು ತಬ್ಬಿ ಕೂತಿದ್ದಾಳೆ, ಇನ್ನೇನು ನಾವೂ ಅಪ್ಪನ ಹತ್ತಿರ ಹೋಗುತ್ತೇವೆ ಎನ್ನುತ್ತಿದ್ದಾಳೆ. ಮರುದಿನ ಆಸ್ಪತ್ರೆಯಲ್ಲಿ ಒಂದು ಮಗುವಿನ ಮುಂದೆ ವಿಕಿರಣ ಅಳೆಯುವ ಗೈಗರ್ ಕೌಂಟರ್ ಹಿಡಿದರೆ ಅದು ಟಕಟಕ ಎನ್ನುತ್ತದೆ. ರೌದ್ರದಿಂದ ಕರುಣ ಎಂದರೆ ಇದೇ. 1956ರಲ್ಲಿ ಅಮೆರಿಕಕ್ಕೆಂದು ಬದಲಿಸಿ ಕತ್ತರಿಸಿದ ಆವೃತ್ತಿಯಲ್ಲಿ, ನಾಗಸಾಕಿಯಿಂದ ಬದುಕಿ ಬಂದೆ ಎಂದು ರೈಲಿನಲ್ಲಿ ಒಬ್ಬಳು ಹೇಳುವ ಮಾತೇ ಇರಲಿಲ್ಲ.

ಕವಲು ಒಡೆದದ್ದು 1993ರಲ್ಲಿ

‘ಜುರಾಸಿಕ್ ಪಾರ್ಕ್’ ಎರಡು ಗಂಟೆ ದಾಟುವ ಸಿನಿಮಾ. ಅದರಲ್ಲಿ ಡೈನೋಸಾರ್‌ಗಳು ಕಾಣುವುದು ಸುಮಾರು ಕಾಲುಗಂಟೆ, ಅದರಲ್ಲೂ ಕಂಪ್ಯೂಟರ್ ಗ್ರಾಫಿಕ್ಸ್ ಆರೇಳು ನಿಮಿಷ. ಉಳಿದದ್ದು ಯಂತ್ರದ ಬೊಂಬೆಗಳು. ಎರಡು ದೃಶ್ಯ ಪಕ್ಕಪಕ್ಕ ಇಡಿ. ಉದ್ದ ಕತ್ತಿನ ಸಸ್ಯಾಹಾರಿ ಪ್ರಾಣಿ ಕಾಣುವಾಗ ಹಗಲು, ಬಾಯಿಬಿಟ್ಟ ಮುಖಗಳು, ಜಾನ್ ವಿಲಿಯಮ್ಸ್‌ನ ತುಂಬು ಸಂಗೀತ: ಶುದ್ಧ ಅದ್ಭುತ. ಟಿ-ರೆಕ್ಸ್ ದಾಳಿಯಲ್ಲಿ ಕತ್ತಲು, ಮಳೆ, ಲೋಟದ ನೀರಿನಲ್ಲಿ ಏಳುವ ಬಳೆಗಳು (ಕೆಳಗೆ ಗಿಟಾರ್ ತಂತಿ ಮೀಟಿ ಏಳಿಸಿದವು), ಸಂಗೀತ ಇಲ್ಲ, ಕ್ಯಾಮೆರಾ ಮಕ್ಕಳ ಜೊತೆ ಕಾರಿನೊಳಗೆ: ಶುದ್ಧ ಭಯಾನಕ. ನಿರ್ದೇಶಕ ಸ್ಪೀಲ್‌ಬರ್ಗ್ ಎರಡನ್ನೂ ಕೊಟ್ಟ. ಹಿಂದೆ ಬಂದ ದೊಡ್ಡ ಬಜೆಟ್ಟಿನವರಲ್ಲಿ ಬಹುಪಾಲು ಮಂದಿ ಮೊದಲನೆಯದನ್ನಷ್ಟೇ ಎತ್ತಿಕೊಂಡರು ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಅರ್ಧ ಕಾರಣ ತಂತ್ರ. ಬೊಂಬೆನಗರದಲ್ಲಿ ಕ್ಯಾಮೆರಾ ಬೇಕಾದಲ್ಲಿ ಹೋದರೆ ಬಣ್ಣ ಬಯಲಾಗುತ್ತಿತ್ತು. ಅನಿವಾರ್ಯವಾಗಿ ನೆಲದಲ್ಲಿ, ಮನುಷ್ಯರ ಹತ್ತಿರ ನಿಲ್ಲಬೇಕಿತ್ತು. ಗ್ರಾಫಿಕ್ಸ್‌ನಲ್ಲಿ ಕ್ಯಾಮೆರಾಗೆ ರೆಕ್ಕೆ ಬಂತು. ಅದು ರಕ್ಕಸನ ಭುಜದ ಎತ್ತರಕ್ಕೆ ಹಾರಿತು, ಅಲ್ಲಿಂದ ನೋಡಿದರೆ ಕೆಳಗೆ ಮನುಷ್ಯ ಇರುವೆ. 2021ರ ‘ಗಾಡ್ಜಿಲ್ಲಾ ವರ್ಸಸ್ ಕಾಂಗ್’ನ ಹಾಂಗ್‌ಕಾಂಗ್ ಕಾಳಗ ನೋಡಿ. ಗೋಪುರಗಳು ಉರುಳುತ್ತವೆ, ಒಳಗಿದ್ದವರು ಯಾರೆಂದು ನಮಗೆ ನೆನಪೇ ಆಗುವುದಿಲ್ಲ, ಏಕೆಂದರೆ ನಾವು ಕುಸ್ತಿ ನೋಡುತ್ತಿದ್ದೇವೆ. ವೀರದಿಂದ ಅದ್ಭುತ. ನನಗೂ ಖುಷಿಯಾಯಿತು, ಅದರಲ್ಲಿ ನಾಚಿಕೆಯೇನಿಲ್ಲ. ಆದರೆ ಅದು ಹಾರರ್ ಅಲ್ಲ. ‘ಭಯವೇ ಆಗಲಿಲ್ಲ’ ಎಂದು ಅದರ ಮೇಲೆ ದೂರುವುದು, ಕುಸ್ತಿ ನೋಡಲು ಹೋಗಿ ಅಳು ಬರಲಿಲ್ಲ ಎಂದಂತೆ.

ತಂತ್ರವೇ ಎಲ್ಲ ಕಾರಣವಾಗಿದ್ದರೆ 2023ರ ‘ಗಾಡ್ಜಿಲ್ಲಾ ಮೈನಸ್ ಒನ್’ ಹುಟ್ಟುತ್ತಲೇ ಇರಲಿಲ್ಲ. ತಕಾಶಿ ಯಮಜಾಕಿಯ ಈ ಚಿತ್ರದಲ್ಲಿ 610 ಗ್ರಾಫಿಕ್ಸ್ ಶಾಟ್‌ಗಳು, ಮಾಡಿದವರು 35 ಜನ. 2024ರಲ್ಲಿ ಆಸ್ಕರ್ ಬಂತು. ಆದರೆ ಕ್ಯಾಮೆರಾ ಮರದ ದೋಣಿಯ ಅಂಚಿನಲ್ಲೇ ಕೂತಿದೆ. ನೀರು ಸೀಳಿಕೊಂಡು ಹಿಂದೆ ಬರುವ ತಲೆಯನ್ನು ದೋಣಿಯವರ ಕಣ್ಣಿನ ಮಟ್ಟದಿಂದಲೇ ನೋಡಬೇಕು. ಹೊಸ ಯಂತ್ರ, 1954ರ ಕಣ್ಣು.

ಕೊನೆಗೆ ‘ದಿ ಹೋಸ್ಟ್’. ನಿರ್ದೇಶಕ ಬೋಂಗ್ ಜೂನ್-ಹೋ ಮರೆಯ ನಿಯಮವನ್ನು ಬೇಕೆಂದೇ ಮುರಿಯುತ್ತಾನೆ. ಬಿಸಿಲು, ಸಿಯೋಲಿನ ಹಾನ್ ನದಿಯ ದಡ, ಚಾಪೆ ಹಾಸಿ ಕೂತ ಜನ. ಸೇತುವೆಗೆ ಜೋತುಬಿದ್ದದ್ದೇನೋ ನೀರಿಗಿಳಿಯುತ್ತದೆ, ಜನ ಅದಕ್ಕೆ ತಿಂಡಿ ಎಸೆಯುತ್ತಾರೆ. ಸಿನಿಮಾ ಶುರುವಾಗಿ ಇನ್ನೂ ಕಾಲುಗಂಟೆಯ ಆಸುಪಾಸು, ಅಷ್ಟರಲ್ಲಿ ಪ್ರಾಣಿ ತಲೆಯಿಂದ ಬಾಲದವರೆಗೆ ದಡದ ಮೇಲೆ ಓಡುತ್ತಿದೆ, ಜಾರಿ ಬೀಳುತ್ತಿದೆ ಕೂಡ. ಹಾಗಾದರೆ ಭಯ ಎಲ್ಲಿಂದ ಬಂತು? ಗುಂಪಿನಲ್ಲಿ ಒಬ್ಬ ಅಪ್ಪ ಮಗಳ ಕೈ ಹಿಡಿದು ಓಡುತ್ತಿದ್ದಾನೆ. ಒಮ್ಮೆ ಎಡವಿ ಬೀಳುತ್ತಾನೆ, ಎದ್ದು ಮತ್ತೆ ಕೈ ಹಿಡಿದು ಓಡುತ್ತಾನೆ. ತಿರುಗಿ ನೋಡಿದರೆ ಅವನ ಕೈಯಲ್ಲಿರುವುದು ಬೇರೆ ಯಾರದೋ ಮಗಳ ಕೈ.