1,074 ಜನರಲ್ಲಿ ಮೂವರು

ಎದೆಯ ಎಕ್ಸ್-ರೇ ಹಿಡಿದು ಬಂದವರನ್ನು ನಾನು ಮೊದಲು ಕೇಳುವುದು, "ಇಪ್ಪತ್ತು-ಮೂವತ್ತು ವರ್ಷದ ಹಿಂದೆ ಏನು ಕೆಲಸ ಮಾಡ್ತಿದ್ರಿ?" ಅಂತ. ಈಗಿನ ಕೆಲಸದ ಮಾತು ಆಮೇಲೆ. ಹೀಗೆ ಯಾಕೆ ಕೇಳಬೇಕು ಅನ್ನುವುದಕ್ಕೆ ಎರಡನೇ ಮಹಾಯುದ್ಧದ ಶಿಪ್‌ಯಾರ್ಡುಗಳನ್ನು ನೋಡಬೇಕು.

ಆಗ ಅಮೆರಿಕ ಸರಕು ಸಾಗಿಸುವ ಲಿಬರ್ಟಿ ಹಡಗುಗಳನ್ನೇ 2,710 ಕಟ್ಟಿತು. 1942ರಲ್ಲಿ ಕ್ಯಾಲಿಫೋರ್ನಿಯಾದ ರಿಚ್ಮಂಡಿನಲ್ಲಿ ಒಂದು ಹಡಗು ಐದು ದಿನ ತುಂಬುವ ಮೊದಲೇ ನೀರಿಗಿಳಿಯಿತು. ಹಡಗಿನ ಹೊಟ್ಟೆಯಲ್ಲಿ ಬಾಯ್ಲರು, ಹಬೆಯ ಪೈಪು. ಬಿಸಿ ಆರದಂತೆ ಅವಕ್ಕೆ ಸುತ್ತುತ್ತಿದ್ದದ್ದು ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಗರಗಸದಲ್ಲಿ ಕೊಯ್ದು ಕೂರಿಸುವುದು, ಪುಡಿಯನ್ನು ನೀರಲ್ಲಿ ಕಲಸಿ ಸಂದಿಗೆ ಮೆತ್ತುವುದು. ಗಾಳಿಯಾಡದ ಎಂಜಿನ್ ರೂಮು. ಪಕ್ಕದಲ್ಲೇ ವೆಲ್ಡರ್, ಎಲೆಕ್ಟ್ರಿಷಿಯನ್, ಪೇಂಟರ್. ಕಲ್ನಾರನ್ನು ಕೈಯಲ್ಲಿ ಮುಟ್ಟದವರೂ ಅದೇ ಧೂಳು ಕುಡಿದರು. ಸಂಜೆ ಬಟ್ಟೆಗೆ ಅಂಟಿಕೊಂಡು ಅದು ಮನೆಗೂ ಹೋಯಿತು.

ಈ ಧೂಳು ಕೆಟ್ಟದ್ದು ಅಂತ ಆಗಲೇ ಗೊತ್ತಿತ್ತು. ಬ್ರಿಟನ್ 1931ರಲ್ಲೇ ಕಲ್ನಾರು ಕಾರ್ಖಾನೆಗಳಿಗೆ ನಿಯಮ ತಂದಿತ್ತು. 1943ರಲ್ಲಿ ಅಮೆರಿಕದ ನೌಕಾಪಡೆ ಮತ್ತು ಹಡಗು ಕಟ್ಟಿಸುವ ಸರ್ಕಾರಿ ಸಂಸ್ಥೆ ಮ್ಯಾರಿಟೈಮ್ ಕಮಿಷನ್ ಶಿಪ್‌ಯಾರ್ಡುಗಳಿಗೆ ಹೊರಡಿಸಿದ ಸೂಚನೆಯಲ್ಲೂ ಧೂಳಿನ ಕೆಲಸ ಬೇರೆ ಜಾಗದಲ್ಲಿ ನಡೆಯಲಿ, ಇಲ್ಲವೇ ಮಾಸ್ಕ್ ಹಾಕಲಿ ಅಂತ ಇತ್ತು.

ಆದರೆ 1946ರಲ್ಲಿ ಫ್ಲೈಷರ್, ಡ್ರಿಂಕರ್ ಅನ್ನುವ ಸಂಶೋಧಕರು ಮತ್ತು ಜೊತೆಗಾರರ ವರದಿ ಬಂತು. ಶಿಪ್‌ಯಾರ್ಡುಗಳಲ್ಲಿ ಪೈಪಿಗೆ ಕಲ್ನಾರು ಸುತ್ತುವ 1,074 ಜನರನ್ನು ಪರೀಕ್ಷಿಸಿದ್ದರು. ಶ್ವಾಸಕೋಶ ಗಟ್ಟಿಯಾಗುವ ಆಸ್ಬೆಸ್ಟೋಸಿಸ್ ಸಿಕ್ಕಿದ್ದು ಮೂವರಲ್ಲಿ. ಹಾಗಾಗಿ ಇದೇನೂ ಅಪಾಯದ ಕೆಲಸವಲ್ಲ ಅಂದುಬಿಟ್ಟರು. ಲೆಕ್ಕ ಸುಳ್ಳಲ್ಲ, ಆದರೆ ಆ ಮೂವರೂ 20 ವರ್ಷಕ್ಕಿಂತ ಜಾಸ್ತಿ ದುಡಿದವರು. ಉಳಿದವರಲ್ಲಿ ಹೆಚ್ಚಿನವರಿಗೆ ಹತ್ತು ವರ್ಷವೂ ಆಗಿರಲಿಲ್ಲ. ಬಿತ್ತಿದ ವಾರಕ್ಕೇ ಹೊಲಕ್ಕೆ ಹೋಗಿ ತೆನೆ ಎಣಿಸಿದ ಹಾಗಾಯಿತು, ಅಲ್ವಾ?

1965ರಲ್ಲಿ ಅಮೆರಿಕದ ಡಾ. ಇರ್ವಿಂಗ್ ಸೆಲಿಕಾಫ್ ತಂಡ ಕಟ್ಟಡಗಳಲ್ಲಿ ಇಂಥದ್ದೇ ಕೆಲಸ ಮಾಡುವವರ ಬಗ್ಗೆ ವರದಿ ಕೊಟ್ಟಿತು. ಕೆಲಸ ಶುರುಮಾಡಿ 20 ವರ್ಷ ದಾಟಿದ 392 ಜನರಲ್ಲಿ 339 ಜನರ ಎಕ್ಸ್-ರೇಯಲ್ಲಿ ಆಸ್ಬೆಸ್ಟೋಸಿಸ್ ಕಂಡಿತು. ಕಲ್ನಾರಿನಿಂದ ಎದೆಗೂಡಿನ ಪೊರೆಗೆ ಬರುವ ಮೀಸೊಥೀಲಿಯೊಮಾ ಕ್ಯಾನ್ಸರು ಕಾಣಿಸಿಕೊಳ್ಳಲಂತೂ ಸಾಮಾನ್ಯವಾಗಿ ಮೂವತ್ತು-ನಲವತ್ತು ವರ್ಷ ಬೇಕು.

ನಮ್ಮ ಸುಪ್ರೀಂ ಕೋರ್ಟು 1995ರಲ್ಲಿ, ಕಲ್ನಾರು ಕೆಲಸಗಾರರ ಆರೋಗ್ಯದ ದಾಖಲೆಯನ್ನು ಕನಿಷ್ಠ 40 ವರ್ಷ ಇಡಬೇಕು ಅಂದಿದೆ. ಆದರೆ ಕಂಟ್ರಾಕ್ಟರ್ ಕೆಳಗೆ ಊರೂರು ಸುತ್ತಿ ದುಡಿದವರ ದಾಖಲೆ ಯಾರು ಇಟ್ಟಿರುತ್ತಾರೆ? ಅದಕ್ಕೇ ಅವರು ಹೇಳಿದ್ದನ್ನೆಲ್ಲ, ಯಾವ ಊರು, ಯಾವ ಕೆಲಸ, ಯಾವ ವರ್ಷ ಅಂತ, ಅವರ ಚೀಟಿಯ ಮೇಲೇ ಬರೆದು ಕೊಡುತ್ತೇನೆ.